ಹೆಬ್ಬೆರಳ ಸಾಕ್ಷಿ

ಭಾನುವಾರ, ಹದಿನಾರನೇ ತಾರೀಕು
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಕ್ಷೇಮ ಕೇಳುವ ಮುಖ ಇವತ್ತು ನನಗಿಲ್ಲ, ಅದಕ್ಕೇ ಆ ಸಾಲು ಬಿಟ್ಟು ಶುರು ಮಾಡುತ್ತಿದ್ದೇನೆ. ಬೆಳಗ್ಗೆ ಹತ್ತೂಕಾಲಿನಿಂದ ಹಿಡಿದ ಒಂದು ಕೆಲಸವೂ ಪೂರ್ತಿಯಾಗಿಲ್ಲ. ಎರಡು ಸಲ ಟೀ ಮಾಡಿದೆ, ಎರಡು ಸಲವೂ ಕುಡಿಯುವುದನ್ನು ಮರೆತೆ. ಲೋಟ ಎರಡೂ ಎದುರಿಗೇ ಇವೆ, ಕೆನೆ ಕಟ್ಟಿಕೊಂಡು.

ಎರಡು ಬೀದಿ ಆಚೆ ಇರುವ ಅಕ್ಕನಿಗೆ ಪತ್ರ ಬರೆಯುವ ತಂಗಿಯನ್ನು ಕಂಡರೆ ಭಾವ ನಗುತ್ತಾರೆ, ನಗಲಿ. ಫೋನಿನಲ್ಲೇ ಹೇಳೋಣ ಅಂತ ನಾಲ್ಕು ಸಲ ನಿನ್ನ ನಂಬರು ಒತ್ತಿ ಕಟ್ ಮಾಡಿದೆ. ನೀನು ಪೂರ್ತಿ ಕೇಳುವವಳಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ, ಬಿಡೇ, ನೀನೇನು ಬೇಕಂತ ಮಾಡಿದ್ಯಾ ಅಂದುಬಿಡುತ್ತೀಯ. ಚಿಕ್ಕಂದಿನಿಂದ ಅದೇ ಮಾತಿನಿಂದ ನನ್ನನ್ನು ಎಷ್ಟು ಏಟಿನಿಂದ ತಪ್ಪಿಸಿದ್ದೀಯ, ಲೆಕ್ಕವಿಲ್ಲ. ಇವತ್ತು ಆ ಮಾತನ್ನು ಇನ್ನೊಬ್ಬರ ಬಾಯಿಂದ ಒಂದು ಸಲ ಕೇಳಿ ಬಂದಿದ್ದೇನೆ. ಇನ್ನೊಂದು ಸಲ ಕೇಳುವ ಶಕ್ತಿ ಇಲ್ಲ. ಕಾಗದಕ್ಕಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನೆಯ ರೋಬೋಟ್ ಸ್ಪರ್ಧೆಯ ಫೈನಲ್‌ನಲ್ಲಿ ನಾನು ಕೊಟ್ಟ ತೀರ್ಪು ತಪ್ಪು. ಎದುರು ತಂಡದ ಆ ಹುಡುಗಿ ನಿನ್ನ ಶಾಲೆಯ ಮಕ್ಕಳ ರೋಬೋಟಿಗೆ ಬೇಕಂತ ಗುದ್ದಲಿಲ್ಲ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ವರದಿ ತಿದ್ದಿ ಸಮಿತಿಗೆ ಕೊಡದಿದ್ದರೆ ಅವಳ ಹೆಸರಿನ ಮುಂದೆ ಉದ್ದೇಶಪೂರ್ವಕ ಅನ್ನುವ ಪದ ಹಾಗೇ ಉಳಿಯುತ್ತದೆ, ಎರಡು ವರ್ಷ ನಿಷೇಧ. ಅವಳದು ಶಾಲೆಯಲ್ಲಿ ಕೊನೆಯ ವರ್ಷ. ಗುರುವಾರ ತಾಂತ್ರಿಕ ಕಾಲೇಜಿನವರ ಸಂದರ್ಶನ, ಈ ಸ್ಪರ್ಧೆಯ ಮಕ್ಕಳಿಗೆ ಇಟ್ಟ ಸೀಟು. ಆ ಪದ ಹೊತ್ತುಕೊಂಡು ಹೋದರೆ ಬಾಗಿಲಲ್ಲೇ ವಾಪಸ್ಸು. ತಿದ್ದಿ ಕೊಟ್ಟರೆ ನಿನ್ನ ಮಕ್ಕಳ ಗೆಲುವು ಹೋಗುತ್ತದೆ. ನಾನು ತಿದ್ದಿ ಸಹಿ ಹಾಕಿ ಆಗಿದೆ ಅಕ್ಕಾ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ ಅಂತ ಕೂತಿದ್ದೇನೆ.

ಅಕ್ಕ ಕೋಚ್ ಆಗಿರುವ ತಂಡದ ಪಂದ್ಯಕ್ಕೆ ತಂಗಿ ತೀರ್ಪುಗಾರಳಾಗಿ ನಿಲ್ಲಬಾರದು ಅಂತ ನಾನು ಸಮಿತಿಯ ಕಾರ್ಯದರ್ಶಿಗೆ ಮೊದಲೇ ಹೇಳಿದ್ದೆ. ಇನ್ನೊಬ್ಬ ಮುಖ್ಯ ತೀರ್ಪುಗಾರರು ಜ್ವರದಲ್ಲಿ ಮಲಗಿದ್ದರು. ಕಾರ್ಯದರ್ಶಿ ನಕ್ಕು, ನೀವು ಸ್ವಂತ ಅಕ್ಕನಿಗೇ ಎರಡು ಪಟ್ಟು ಬಿಗಿ ಮಾಡೋ ಜನ, ಹೋಗಿ ನಿಂತ್ಕೊಳ್ಳಿ ಅಂದರು. ನಾನು ಅದನ್ನು ಹೊಗಳಿಕೆ ಅಂತ ಉಬ್ಬಿಕೊಂಡು ಹೋಗಿ ನಿಂತೆ.

ನೀನು ನಿನ್ನ ಮಕ್ಕಳ ಬೆನ್ನ ಹಿಂದೆ ಇದ್ದೆ, ನಿನಗೆ ರೋಬೋಟು ಕಾಣುತ್ತಿತ್ತು. ನಾನು ಅಂಕಣದ ಈಚೆ ಬದಿ, ಚಾಲಕರಿಗೆ ಎದುರಾಗಿ. ನಾನು ರೋಬೋಟು ನೋಡುವುದಿಲ್ಲ, ನಿನಗೆ ಗೊತ್ತು. ಅದಕ್ಕೇನು ಮನಸ್ಸಿದೆಯಾ? ತಗಡು, ಮೋಟರು, ನಾಲ್ಕು ಚಕ್ರ. ಎರಡು ರೋಬೋಟು ಡಿಕ್ಕಿ ಹೊಡೆದಾಗ ಅದು ಆಕಸ್ಮಿಕವೋ ಬೇಕಂತಲೋ ಅಂತ ತಗಡು ಹೇಳುವುದಿಲ್ಲ. ಕೆಲವು ತೀರ್ಪುಗಾರರು ಮಕ್ಕಳ ಮುಖ ನೋಡುತ್ತಾರೆ. ನಾನು ಹೆಬ್ಬೆರಳು ನೋಡುತ್ತೇನೆ. ಕಂಟ್ರೋಲರಿನ ಜಾಯ್‌ಸ್ಟಿಕ್ ಮೇಲೆ ಕೂತಿರುವ ಆ ಎರಡು ಹೆಬ್ಬೆರಳು ಸುಳ್ಳು ಹೇಳಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

ಇದು ಅಮ್ಮನ ಪಾಠವೇ ತಾನೆ. ಹೊಲಿಗೆ ಮೆಷಿನ್ನಿನ ಸೂಜಿ ಮುರಿದ ದಿನ ನಮ್ಮಿಬ್ಬರನ್ನೂ ಗೋಡೆಗೆ ನಿಲ್ಲಿಸಿ, ಮೊದ್ಲು ಕೈ ತೋರ್ಸಿ, ಮುಖ ಆಮೇಲೆ ಅಂದಿದ್ದಳು. ನಾನು ಮುಖವನ್ನು ಎಷ್ಟು ಚೆನ್ನಾಗಿ ಸಿದ್ಧ ಮಾಡಿಕೊಂಡಿದ್ದೆ. ಬೆರಳ ತುದಿಯಲ್ಲಿ ಮೆಷಿನ್ ಎಣ್ಣೆ ಇತ್ತು. ಆಗಲೂ ನೀನೇ ಅಡ್ಡ ಬಂದೆ, ಅವಳು ಬೇಕಂತ ಮಾಡ್ಲಿಲ್ಲಮ್ಮ ಅಂತ. ಅದು ಸೂಜಿಗೇನು ಗೊತ್ತು ಅಂತ ಅಮ್ಮ ಹೊಸ ಸೂಜಿ ಹುಡುಕಲು ಹೋದಳು.

ಪಂದ್ಯಕ್ಕೆ ಬರುತ್ತೇನೆ. ಮೊದಲ ಹದಿನೈದು ಸೆಕೆಂಡು ರೋಬೋಟು ತಾನೇ ಓಡಬೇಕಾದ ಹೊತ್ತು. ಎದುರು ತಂಡದ್ದು ನೆಟ್ಟಗೆ ಹೋಗಿ ಚೆಂಡು ತಳ್ಳಿ ನಿಂತಿತು. ಆಮೇಲೆ ಮಕ್ಕಳು ಕಂಟ್ರೋಲರು ಹಿಡಿದರು. ಆ ತಂಡದ ಚಾಲಕಿ, ಗೆಳತಿಯರು ಕಡ್ಡಿ ಅಂತ ಕರೆಯುವ ಆ ತೆಳ್ಳನೆಯ ಹುಡುಗಿ, ತನ್ನ ರೋಬೋಟನ್ನು ನೆಟ್ಟಗೆ ಮುಂದಕ್ಕೆ ಬಿಟ್ಟಳು. ನಿನ್ನ ತಂಡದ ಚಾಲಕ ಗುಂಡನ ರೋಬೋಟು ಅವಳ ಬಲಗಡೆಯಿಂದ ಅಡ್ಡ ಬಂತು. ಎಡಕ್ಕೆ ಬೇಕಾದಷ್ಟು ಖಾಲಿ ಜಾಗವಿತ್ತು. ಅವಳದು ಎಡಕ್ಕೆ ತಿರುಗಲಿಲ್ಲ. ಬಲಕ್ಕೆ ತಿರುಗಿ ಗುಂಡನದರ ಪಕ್ಕೆಗೆ ಗುದ್ದಿ, ಬೇಲಿಯವರೆಗೂ ನೂಕಿಕೊಂಡು ಹೋಗಿ ಮಗುಚಿ ಹಾಕಿತು. ಅದರ ತೋಳು ಮುರಿದ ಸದ್ದು ನಿನಗೂ ಕೇಳಿಸಿರುತ್ತದೆ.

ಆ ಮೂರು ಸೆಕೆಂಡೂ ನನ್ನ ಕಣ್ಣು ಅವಳ ಬಲಗೈ ಹೆಬ್ಬೆರಳ ಮೇಲಿತ್ತು. ಜಾಯ್‌ಸ್ಟಿಕ್ಕನ್ನು ತುದಿ ಮುಟ್ಟುವವರೆಗೆ ಮುಂದಕ್ಕೆ ಒತ್ತಿ ಹಿಡಿದಿತ್ತು. ತಗುಲಿದ ಮೇಲೂ ಬಿಡಲಿಲ್ಲ, ಇನ್ನಷ್ಟು ಒತ್ತಿತು, ಉಗುರು ಬೆಳ್ಳಗಾಗಿತ್ತು. ನಿಯಮದ ಪುಸ್ತಕದಲ್ಲಿ ಇರುವುದು ಎರಡೇ ಪ್ರಶ್ನೆ. ತಪ್ಪಿಸಿಕೊಳ್ಳಲು ದಾರಿ ಇತ್ತೇ? ಇತ್ತು. ತಗುಲಿದ ಮೇಲೆ ಬಿಟ್ಟರೇ? ಬಿಡಲಿಲ್ಲ. ನಾನು ಕೆಂಪು ಚೀಟಿ ಎತ್ತಿದೆ.

ಪದ್ಧತಿ ಪ್ರಕಾರ ಅವಳನ್ನು ಕರೆದು, ಹೇಳೋದೇನಾದ್ರೂ ಇದೆಯಾ ಅಂತ ಕೇಳಿದೆ. ಬಾಯಿ ತೆರೆದಳು. ನನ್ನನ್ನು ತುಂಬಾ ಹೊತ್ತು ನೋಡಿದಳು. ನಿಮಗೇ ಗೊತ್ತಲ್ಲ ಮ್ಯಾಡಮ್ ಅಂದಳು. ನಾನು ಅದನ್ನು ತಪ್ಪೊಪ್ಪಿಗೆ ಅಂತ ಬರೆದುಕೊಂಡೆ.

ಅವಳ ಅಪ್ಪ ಬಸ್ ಡ್ರೈವರು. ಕುರ್ಚಿಗಳ ಸಾಲಿನಿಂದ ಎದ್ದು ಬಂದು ಎಲ್ಲರ ಎದುರಿಗೇ ಮಗಳನ್ನು ಕೇಳಿದರು, ನನ್ನ ಇಪ್ಪತ್ತಾರು ವರ್ಷದ ಸರ್ವಿಸಲ್ಲಿ ಒಂದು ಗೀರು ಬಿದ್ದಿಲ್ಲ, ನೀನು ಬೇಕಂತ ಗುದ್ದಿದ್ಯೇನೇ ಅಂತ. ಅವರು ಮಗಳ ಮಾತಿಗಾಗಿ ಕಾಯಲಿಲ್ಲ, ನನ್ನ ಕೈಯ ಚೀಟಿ ಅವರಿಗೆ ಸಾಕಾಯಿತು. ಆ ಕಡೆ ನೀನು ಗುಂಡನನ್ನು ತಬ್ಬಿಕೊಂಡು ಅಳುತ್ತಿದ್ದೆ, ಹನ್ನೊಂದು ವರ್ಷಕ್ಕೆ ಒಂದು ಸಲವಾದರೂ ರಾಷ್ಟ್ರಮಟ್ಟ ಕಂಡೆವಲ್ಲೋ ಅಂತ. ನಾನು ದೂರದಿಂದ ನೋಡಿ ಕಣ್ಣೊರೆಸಿಕೊಂಡೆ. ಮನೆಗೆ ಬಂದು ಹೊಟ್ಟೆ ತುಂಬಾ ಊಟ ಮಾಡಿ ಮಲಗಿದೆ. ಅದನ್ನೂ ಬರೆಯುತ್ತಿದ್ದೇನೆ, ನಿನಗೆ ಗೊತ್ತಿರಲಿ.

ಇವತ್ತು ಬೆಳಗ್ಗೆ ಸಭಾಂಗಣದಲ್ಲಿ ವರದಿಯ ಕೊನೆಯ ಪುಟ ತುಂಬಿಸುತ್ತಿದ್ದೆ. ನೆಲದ ಮೇಲಿನ ರಬ್ಬರ್ ಚೌಕಗಳನ್ನೆಲ್ಲ ಕಿತ್ತು ಗೋಡೆಗೆ ಒರಗಿಸಿದ್ದರು, ಒಬ್ಬರು ಕಸ ಗುಡಿಸುತ್ತಿದ್ದರು. ಕಡ್ಡಿ ಮತ್ತು ಅವಳ ಗೆಳತಿ ತಮ್ಮ ರೋಬೋಟು ತೆಗೆದುಕೊಂಡು ಹೋಗಲು ಬಂದರು. ಗೆಳತಿಯೇ ಅದರ ಪ್ರೋಗ್ರಾಂ ಬರೆಯುವವಳು, ದಪ್ಪ ಗಾಜಿನವಳು, ಎಲ್ಲರೂ ಅವಳನ್ನು ಕನ್ನಡಕ ಅಂತಲೇ ಕರೆಯುವುದು. ಅಪ್ಪ ಡ್ಯೂಟಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತಿದ್ದರು, ಮಗಳಿಂದ ಹತ್ತು ಹೆಜ್ಜೆ ದೂರ.

ಎತ್ತಲು ಭಾರ ಅಂತ ಕನ್ನಡಕ ರೋಬೋಟನ್ನು ನೆಲದ ಮೇಲಿಟ್ಟು ಪೆಟ್ಟಿಗೆಯವರೆಗೆ ಓಡಿಸಿಕೊಂಡು ಹೊರಟಳು. ಪೆಟ್ಟಿಗೆ ಎಡಕ್ಕಿತ್ತು. ರೋಬೋಟು ಬಲಕ್ಕೆ ತಿರುಗಿ ಬಂದು ನನ್ನ ಮೇಜಿನ ಕಾಲಿಗೆ ಗುದ್ದಿತು. ಪೆನ್ನಿನ ಡಬ್ಬಿ ಉರುಳಿ ಬಿತ್ತು. ಅವಳು ಹಿಂದಕ್ಕೆ ತೆಗೆದು ಮತ್ತೆ ಎಡಕ್ಕೆ ಒತ್ತಿದಳು, ಅದು ಮತ್ತೆ ಬಲಕ್ಕೇ ಬಂತು. ಬಗ್ಗಿ ಒಳಗೆ ನೋಡಿದಳು. ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ, ಯಾರೇ ಹಾಕಿದ್ದು ಅಂತ ಕೇಳಿದಳು.

ಕಡ್ಡಿ ಗೆಳತಿಯ ಮುಖ ನೋಡಲಿಲ್ಲ, ಅಪ್ಪನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು.

ಅಕ್ಕಾ, ಆಗ ನೆನಪಾಯಿತು. ಹಾಕಿದ್ದು ನಾನು.

ಫೈನಲ್‌ಗೆ ಮುಂಚಿನ ತಪಾಸಣೆಯಲ್ಲಿ ಅವರ ರೋಬೋಟನ್ನು ಅಳತೆಯ ಪೆಟ್ಟಿಗೆಯೊಳಗೆ ಇಟ್ಟಾಗ ಚಕ್ರದ ಮೋಟರಿನ ವೈರು ಪಕ್ಕಕ್ಕೆ ಎರಡು ಬೆರಳಷ್ಟು ಚಾಚಿತ್ತು. ಒಳಗೆ ಸೇರಿಸಿ ಅಂತ ಹೇಳಿದವಳೂ ನಾನೇ. ಎರಡೂ ವೈರು ಕಿತ್ತು ಚೌಕಟ್ಟಿನೊಳಗಿಂದ ತೂರಿಸಿ ಮತ್ತೆ ಸಿಕ್ಕಿಸಬೇಕಿತ್ತು. ನಾಲ್ಕು ನಿಮಿಷ ಉಳಿದಿತ್ತು. ಕನ್ನಡಕ ಬ್ಯಾಟರಿ ತರಲು ಓಡಿದ್ದಳು. ರೋಬೋಟನ್ನು ತಪಾಸಣೆಯ ಮೇಜಿನ ಬಳಿ ನೆಲದ ಮೇಲಿಟ್ಟು ಕಡ್ಡಿ ಬೋರಲಾಗಿ ಮಲಗಿ ಕೆಳಗಿನಿಂದ ವೈರು ತೂರಿಸುತ್ತಿದ್ದಳು. ಅವಳ ಕೈ ಗಡಗಡ ನಡುಗುತ್ತಿತ್ತು. ಮ್ಯಾಡಮ್, ಆ ಕಡೆ ತುದಿ ಒಂದು ಸಿಕ್ಕಿಸ್ತೀರಾ, ನಂಗೆ ಎಟುಕ್ತಿಲ್ಲ ಅಂದಳು.

ತೀರ್ಪುಗಾರರು ಮಕ್ಕಳ ರೋಬೋಟನ್ನು ಮುಟ್ಟಕೂಡದು, ಅದು ನಮಗೆ ಮೊದಲ ದಿನ ಹೇಳಿಕೊಡುವ ನಿಯಮ. ನಾನು ಮುಟ್ಟಿದೆ. ಅಕ್ಕನ ಎದುರು ತಂಡವನ್ನು ವೈರಿನ ನೆಪದಲ್ಲಿ ಹೊರಗಿಟ್ಟಳು ಅಂತ ನಾಳೆ ಯಾರೂ ಆಡಿಕೊಳ್ಳಬಾರದಲ್ಲ ಅಂತ ಮುಟ್ಟಿದೆ. ಆ ಮಗುವಿನ ಕೈ ನಡುಗುವುದನ್ನು ನೋಡಲಾರದೆಯೂ ಮುಟ್ಟಿದೆ. ಒಳಗೆ ಕತ್ತಲು, ಇಕ್ಕಟ್ಟು, ಮೈಕಿನಲ್ಲಿ ಬೇರೆ ಕರೆಯುತ್ತಿದ್ದರು. ಎರಡೂ ತುದಿ ಸಿಕ್ಕಿಸಿ, ಒಂದು ಮೊಳ ಮುಂದಕ್ಕೆ, ಒಂದು ಮೊಳ ಹಿಂದಕ್ಕೆ ಓಡಿಸಿ ತೋರಿಸು ಅಂದೆ. ಓಡಿತು. ಸರಿ ಅಂತ ಚೀಟಿ ಅಂಟಿಸಿ ಎದ್ದೆ. ಆಮೇಲೆ ಅದು ಮರೆತೇ ಹೋಯಿತು. ನಿಜವಾಗಿಯೂ ಮರೆತಿದ್ದೆ.

ನಿನಗೆ ಪಾಠ ಹೇಳುತ್ತಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ. ಅಂಗಡಿಯ ತಳ್ಳುಗಾಡಿಯನ್ನು ಬಲಗೈಯಿಂದ ಮಾತ್ರ ನೂಕಿದರೆ ಅದು ಎಡಕ್ಕೆ ತಿರುಗುತ್ತದೆ. ಈ ರೋಬೋಟುಗಳೂ ಹಾಗೇ, ಎಡ ಜಾಯ್‌ಸ್ಟಿಕ್ ಎಡದ ಚಕ್ರಗಳಿಗೆ, ಬಲದ್ದು ಬಲದ ಚಕ್ರಗಳಿಗೆ. ಎಡಕ್ಕೆ ತಿರುಗಬೇಕಾದರೆ ಬಲಗೈ ಹೆಬ್ಬೆರಳಿಂದ ಮುಂದಕ್ಕೆ ಒತ್ತಬೇಕು. ವೈರು ಅದಲುಬದಲಾದರೆ ನೆಟ್ಟಗೆ ಓಡುವಾಗ ಏನೂ ಗೊತ್ತಾಗುವುದಿಲ್ಲ, ಎರಡೂ ಕಡೆ ಚಕ್ರ ಒಟ್ಟಿಗೇ ಉರುಳುತ್ತವೆ. ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಕಡ್ಡಿ ಗುಂಡನ ರೋಬೋಟಿನಿಂದ ತಪ್ಪಿಸಿಕೊಳ್ಳಲು ಖಾಲಿ ಜಾಗದ ಕಡೆಗೇ ಒತ್ತಿದಳು. ಅದು ಉಲ್ಟಾ ತಿರುಗಿತು. ಇನ್ನೂ ತಿರುಗಲಿ ಅಂತ ಇನ್ನೂ ಒತ್ತಿದಳು. ಉಗುರು ಬೆಳ್ಳಗಾಗುವವರೆಗೆ ಆ ಹುಡುಗಿ ಡಿಕ್ಕಿ ತಪ್ಪಿಸಲು ಒದ್ದಾಡುತ್ತಿದ್ದಳು. ನಾನು ಎದುರಿಗೆ ನಿಂತು, ನೋಡು ಎಷ್ಟು ಧೈರ್ಯ ಇವಳಿಗೆ ಅಂದುಕೊಂಡೆ.

ನಿನ್ನೆ ಯಾಕಮ್ಮ ಹೇಳಲಿಲ್ಲ ಅಂತ ಕೇಳಿದೆ. ರೋಬೋಟು ಉಲ್ಟಾ ತಿರುಗಿದಾಗಲೇ ಗೊತ್ತಾಯ್ತು ಮ್ಯಾಡಮ್, ನಿಮಗೂ ಗೊತ್ತಾಗಿರುತ್ತೆ, ನೀವೇ ಹೇಳ್ತೀರ ಅಂತ ಕಾಯ್ತಿದ್ದೆ ಅಂದಳು. ಬಹುಮಾನ ಕೊಡೋವರೆಗೂ ಕಾದೆ, ಆಮೇಲೆ ನಮ್ಮ ಬಸ್ ಬಂತು ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ ಅಕ್ಕಾ. ಬಸ್ ಬಂತು ಅನ್ನುವುದನ್ನು ಬಸ್ ಬಂತು ಅಂತಲೇ ಹೇಳಿದಳು.

ನಾನು ನಿಂತಲ್ಲೇ ಮರಗಟ್ಟಿದ್ದನ್ನು ನೋಡಿ ಅವಳಿಗೆ ಏನನ್ನಿಸಿತೋ. ನೆಲಕ್ಕೆ ಬಿದ್ದ ಪೆನ್ನುಗಳನ್ನು ಆಯ್ದು ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟು, ಬಿಡಿ ಮ್ಯಾಡಮ್, ನೀವೇನು ಬೇಕಂತ ಮಾಡಿದ್ರಾ ಅಂದಳು.

ನಾನು ಅವಳಿಗೆ ಕೊಡದೇ ಇದ್ದದ್ದನ್ನು ಅವಳು ನನಗೆ ಕೇಳದೆಯೇ ಕೊಟ್ಟಳು. ಹದಿನೇಳು ವರ್ಷದ ಹುಡುಗಿ. ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಅಪ್ಪ ಬಾಗಿಲಿನಿಂದ ಬಂದು ಮಗಳ ಹೆಗಲಿನ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಾಗಿತ್ತು.

ಇನ್ನು ನಿನ್ನ ವಿಷಯ. ತೀರ್ಪುಗಾರರ ಕೈಯಿಂದ ಕೆಟ್ಟ ಪಂದ್ಯವನ್ನು ಏಳು ದಿನದೊಳಗೆ ಮತ್ತೆ ಆಡಿಸಬೇಕು. ಗುಂಡನ ರೋಬೋಟಿನ ತೋಳಿಗೆ ಬಿಡಿಭಾಗ ಬರಲು ಎರಡು ವಾರ ಅಂತ ನಿನ್ನೆ ನೀನೇ ಹೇಳಿದೆ. ಅಂದರೆ ಒಂದು ಕೈಯಿಲ್ಲದ ರೋಬೋಟಿನ ಜೊತೆ ನಿನ್ನ ಮಕ್ಕಳು ಇಳಿಯಬೇಕು, ಸೋಲುತ್ತಾರೆ. ಬೇಸಿಗೆಗೆ ನಿನಗೆ ನಿವೃತ್ತಿ. ಇನ್ನೊಂದು ವರ್ಷ ಅನ್ನುವುದು ನಿನಗಿಲ್ಲ. ಇದೆಲ್ಲ ಗೊತ್ತಿದ್ದೇ ಸಹಿ ಹಾಕಿದ್ದೇನೆ. ನನ್ನ ಬ್ಯಾಡ್ಜು ಹೋಗುತ್ತದೆ, ಹೋಗಲಿ, ಅದು ದೊಡ್ಡದಲ್ಲ. ನಿನ್ನ ಮಕ್ಕಳಿಗೆ ಹೇಳುವಾಗ ನಮ್ಮ ಮ್ಯಾಡಮ್ಮಿನ ತಂಗಿಯ ತಪ್ಪು ಅಂತಲೇ ಹೇಳು, ಸಮಿತಿಯ ತಪ್ಪು ಅನ್ನಬೇಡ. ನನ್ನನ್ನು ಉಳಿಸಲು ನೀನು ಮಾತು ತೇಲಿಸುವುದು ನನಗೆ ಚೆನ್ನಾಗಿ ಗೊತ್ತು.

ತಿದ್ದಿದ ವರದಿಯಲ್ಲಿ ನನಗೂ ಅದೇ ಕಾಲಂ ಇದೆ. ಅಧಿಕಾರಿಯ ತಪ್ಪು ಉದ್ದೇಶಪೂರ್ವಕವೇ, ಹೌದು, ಅಲ್ಲ. ಅಲ್ಲ ಅನ್ನುವುದಕ್ಕೆ ಗುರುತು ಹಾಕಿದ್ದೇನೆ. ಇಪ್ಪತ್ತು ವರ್ಷದಿಂದ ವೈರಿಂಗ್ ಕಲಿಸಿ ಹೊಟ್ಟೆ ಹೊರೆಯುವವಳು ಎಡ ಯಾವುದು ಬಲ ಯಾವುದು ನೋಡದೆ ಸಿಕ್ಕಿಸಿದಳು ಅಂತ ತರಬೇತಿ ಕೇಂದ್ರದ ಹುಡುಗರು ನಗುತ್ತಾರೆ. ನಗಲಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅವರಿಗೆ ದಿನಾ ಹೇಳುವವಳೂ ನಾನೇ.

ಸಂಜೆ ಬಂದು ಈ ಪತ್ರವನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ.

ಇಂತಿ,
ಎಲ್ಲಿ ಹೋದರೂ ನಿನ್ನ ಹಿಂದೆಯೇ ಇರುತ್ತಿದ್ದ
ನಿನ್ನ ಬಾಲ

ಮರೆತದ್ದು: ಈಗ ಆರು ಗಂಟೆ. ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಫೋನು ಸದ್ದು ಮಾಡಿತು. ಕನ್ನಡಕ ಒಂದು ವಿಡಿಯೋ ಕಳಿಸಿದ್ದಾಳೆ. ತಂಡದ ದಿನಚರಿಗೆ ಅಂತ ಅವಳ ಫೋನನ್ನು ತಪಾಸಣೆಯ ಮೇಜಿನ ಕೆಳಗೆ ರೋಬೋಟಿನ ಒಳಭಾಗ ಕಾಣುವಂತೆ ಒರಗಿಸಿ ಇಟ್ಟಿದ್ದರಂತೆ, ಫೋನಿನ ದೀಪ ಹಾಕಿ. ನೀವು ಬರೀ ಸಹಾಯ ಮಾಡಿದ್ದು ಅಂತ ಎಲ್ರಿಗೂ ಗೊತ್ತಾಗ್ಲಿ ಮ್ಯಾಡಮ್, ವರದಿ ಜೊತೆ ಇಡಿ ಅಂತ ಬರೆದಿದ್ದಾಳೆ. ಹನ್ನೊಂದು ಸೆಕೆಂಡು. ನನ್ನ ಮುಖ ಇಲ್ಲ, ಕೈ ಮಾತ್ರ. ಒಳಗೆ ಕತ್ತಲು ಅಂತ ಮೇಲೆ ಬರೆದಿದ್ದೇನಲ್ಲ, ಕತ್ತಲಿಲ್ಲ. ಬಲದ ವೈರಿಗೆ ಕೆಂಪು ಪಟ್ಟಿ ಸುತ್ತಿದೆ, ಅದು ಹೋಗಬೇಕಾದ ತೂತಿನ ಮೇಲೂ ಕೆಂಪು ಪಟ್ಟಿ ಇದೆ. ನನ್ನ ಕೈ ಕೆಂಪನ್ನು ಕೆಂಪಿನ ಬಾಯಿಯವರೆಗೂ ಒಯ್ಯುತ್ತದೆ. ಆಗ ಪಕ್ಕದ ಮೇಜಿನಿಂದ ನಿನ್ನ ಧ್ವನಿ ಕೇಳಿಸುತ್ತದೆ, ಗೆದ್ರೂ ಸೋತ್ರೂ ನಂಗಿದೇ ಕಡೇದು ಕಣ್ರೋ ಅಂತ. ಕೈ ನಿಲ್ಲುತ್ತದೆ. ಒಂದು ಸೆಕೆಂಡು. ಆಮೇಲೆ ಪಕ್ಕದ ತೂತಿಗೆ ಹೋಗಿ, ಹೆಬ್ಬೆರಳಿಂದ ಒತ್ತಿ ಕೂರಿಸುತ್ತದೆ, ಉಗುರು ಬೆಳ್ಳಗಾಗುವವರೆಗೆ.

ಆ ಒಂದು ಸೆಕೆಂಡಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ. ಅಮ್ಮನಾಣೆಗೂ ಗೊತ್ತಿಲ್ಲ. ಆದರೆ ಕಡ್ಡಿಯ ಮನಸ್ಸಿನಲ್ಲಿ ಏನಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ, ಹೆಬ್ಬೆರಳು ಸಾಕು ಅಂದಿದ್ದೆ. ಅಲ್ಲ ಅನ್ನುವುದನ್ನು ಹೊಡೆದುಹಾಕಿ ಹೌದು ಅನ್ನುವುದಕ್ಕೆ ಗುರುತು ಹಾಕಿದ್ದೇನೆ. ವಿಡಿಯೋ ನಿನಗೂ ಕಳಿಸುತ್ತಿದ್ದೇನೆ. ಮೊದಲು ಕೈ ನೋಡು ಅಕ್ಕಾ. ಆಮೇಲೂ ನನ್ನ ಮುಖ ನೋಡಬೇಕು ಅನ್ನಿಸಿದರೆ ಕರೆ.